ಸಣ್ಣ ಕಂಬಿ

ಮೊಂತೆವಿದೇಯೊ ನಗರಸಭೆ, ನಕ್ಷೆ ಶಾಖೆ, ಮೂರನೆಯ ಮಹಡಿ.
ಅಲ್ಲಿ ನನ್ನ ಮೇಜು, ನನ್ನ ಮೊಹರು, ಬೇಸಿಗೆಯಲ್ಲೂ ಬಿಡದ ನನ್ನ ನೆಗಡಿ.
ತಿಂಗಳಿಗೊಮ್ಮೆ ಬರುತ್ತಿದ್ದ
ಎವರಿಸ್ತೊ ಲಂಗೋನೆ,
ಕಂಕುಳಲ್ಲಿ ಸುರುಳಿ, ಕೈಯಲ್ಲಿ ಸರದಿಯ ಚೀಟಿ.

ಹೊಸಬಳು ನಾನು. ಹೆಸರು ಕೇಳಿದೆ,
ಅಕ್ಷರ ಅಕ್ಷರ ಬಿಡಿಸಿ ಹೇಳಿಸಿದೆ.
ಹಿಂದಿನ ಮೇಜಿನ ಒಲೆಗಾರಿಯೊ ತಲೆ ಎತ್ತಲಿಲ್ಲ,
ಪೆನ್ನು ಮಾತ್ರ ನಿಂತಿತು.
ಆತ ಹೋದ ಮೇಲೆ ಅಂದ:
"ಹುಡುಗಿ, ನೀನು ಕೂತಿರುವ ಈ ಕಟ್ಟಡ
ಅವನದೇ."

ಆಮೇಲೆ ಕಂಡಿತು: ಲಿಫ್ಟ್ ಹತ್ತುವವನಲ್ಲ ಆತ,
ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಬೆನ್ನ ಕೈ ಸವರಿ ಬರುತ್ತಾನೆ,
ದನದ ಮೈ ಸವರುವ ಹಾಗೆ.

ಒಂದು ಕಾಲಕ್ಕೆ ಊರಿಗೆ ಊರೇ
ಅವನ ಪೆನ್ಸಿಲಿನ ಮೊನೆಗೆ ಕಾದಿತ್ತಂತೆ.
ಬ್ಯಾಂಕು, ಹಡಗಿನ ಮೂತಿಯ ಮಹಡಿಮನೆಗಳು,
ಹಲ್ಲಿನ ಡಾಕ್ಟರರಿಗೆಲ್ಲ ದುಂಡು ಕಿಟಕಿ,
ಎರಡು ಸಾವಿರ ಕುರ್ಚಿಯ ಅಲ್ಸಿಯೋನೆ ಟಾಕೀಸು,
ಅದರ ಚಾವಣಿಯಲ್ಲಿ ದಕ್ಷಿಣದ ಅಷ್ಟೂ ನಕ್ಷತ್ರ.
ಬಿದ್ದದ್ದು ಹೇಗೆಂದರೆ ಒಬ್ಬೊಬ್ಬರದು ಒಂದೊಂದು ಕತೆ:
ಬಾಲ್ಕನಿ ಬಿರುಕು ಬಿಟ್ಟಿತು (ಯಾರೂ ಸಾಯಲಿಲ್ಲ),
ಸೋಲುವ ಪಕ್ಷದವರ ಮದುವೆಗೆ ಹೋದ,
ಮಂತ್ರಿಯ ಭಾವಮೈದುನನಿಗೆ
ನಿನ್ನ ಮನೆಗೆ ಗೋಪುರ ಒಪ್ಪದು ಅಂದ.
ಇದ್ದೂರಿನಲ್ಲೇ ಇಲ್ಲದವನಾಗಲು
ಇಷ್ಟೆಲ್ಲ ಬೇಕಿಲ್ಲ, ಇದರಲ್ಲಿ ಒಂದು ಸಾಕು.

ನನ್ನ ಮೊಹರಿನ ಕೆಳಗೆ ಹಾದುಹೋದವು ಇವು:
ದೋನ್ಯಾ ಪ್ರೂದೆನ್ಸಿಯಾಳ ಬಚ್ಚಲಿಗೆ ಕಿಟಕಿ, ಎರಡು ಗೇಣು.
ರೊಟ್ಟಿಯಂಗಡಿಯ ಹೊಗೆಗೂಡು.
ಒಂದು ಕೋಳಿಗೂಡು.
ಕೋಳಿಗೂಡಿಗೂ ಇಂಡಿಯನ್ ಇಂಕು, ಅದಕ್ಕೂ ನೆರಳು,
ಪಕ್ಕದಲ್ಲಿ ಅಳತೆಗೆಂದು ಉಗುರಿನಷ್ಟು ಮನುಷ್ಯ,
ಅವನ ಕೈಯಲ್ಲಿ ಸೋರೆಬುರುಡೆಯ ಕಹಿ ಕಷಾಯ.
ಕೇಳಿದೆ: "ನೆರಳು ಯಾಕೆ? ನಿಯಮದಲ್ಲಿಲ್ಲವಲ್ಲ."
"ನಿಯಮದಲ್ಲಿಲ್ಲ," ಅಂದ. "ಬಿಸಿಲಲ್ಲಿದೆ."

ಕಡೆಯ ಅರ್ಜಿ ಸೆರ್ರೊ ಗುಡ್ಡದ ಒಂದು ಶಾಲೆಯ ಮೆಟ್ಟಿಲು.
ಹೊರಗಿನದು, ನಲವತ್ತಮೂರು ಹಂತ, ಕೆಳಗೆ
ನದಿಯೋ ಕಡಲೋ ತೀರ್ಮಾನವಾಗದ ಆ ಕಂದು ನೀರು.
ಕಂಬಿ ಎರಡು ಬರೆದಿದ್ದ,
ಒಂದು ನಮ್ಮ ಎತ್ತರಕ್ಕೆ, ಇನ್ನೊಂದು ಮೊಣಕಾಲಿಗಿಂತ ಚೂರು ಮೇಲೆ.
ನಿಯಮ ಒಂದೇ ಕಂಬಿ ಅನ್ನುತ್ತದೆ. ವಾಪಸು ಕಳಿಸಿದೆ.
ವಾದ ಮಾಡಲಿಲ್ಲ. ಮರು ತಿಂಗಳು
ಹೊಸ ಹಾಳೆಯಲ್ಲಿ ಅದೇ ಎರಡು ಕಂಬಿ.
ಕೆಂಪು ಮೊಹರು ಒತ್ತಿದೆ: ತಿರಸ್ಕೃತ.
ನನಗೆ ಇಪ್ಪತ್ತನಾಲ್ಕು ವರ್ಷ,
ಗಟ್ಟಿಯಾಗಿ ಒತ್ತುವುದೇ ಕೆಲಸ ಅಂದುಕೊಂಡಿದ್ದೆ.

ಮೂರನೆಯ ತಿಂಗಳು ಬರಲಿಲ್ಲ.
ಪತ್ರಿಕೆಯಲ್ಲಿ ನಾಲ್ಕು ಸಾಲು, ಅದರಲ್ಲಿ ಒಂದು
ಟಾಕೀಸಿನ ಬಿರುಕಿಗೆ.

ಟಾಕೀಸು ಈಗ ಕಾರು ನಿಲ್ಲಿಸುವ ಜಾಗ.
ನಕ್ಷತ್ರಗಳು ಇವೆ, ಹೊಗೆ ಹಿಡಿದು;
ಹಿಂದಕ್ಕೆ ಬರುವ ಕಾರಿನ ದೀಪ ತಾಗಿದರೆ ಎರಡೋ ಮೂರೋ ಮಿನುಗುತ್ತವೆ.
ಬ್ಯಾಂಕಿನ ಮೇಲೆ ಹಿತ್ತಾಳೆ ಫಲಕ: ಲಂಗೋನಿ.
ವಿಶ್ವವಿದ್ಯಾಲಯದವರು ಬಂದರು ಕ್ಯಾಮೆರಾ ಹಿಡಿದು,
ಮುಖ್ಯ ಕೃತಿಗಳು ಬೇಕೆಂದರು.
ಕೋಳಿಗೂಡು ತೋರಿಸಿದೆ.
ನಕ್ಕರು, ಒಳ್ಳೆಯ ಮಕ್ಕಳು, ಚಿತ್ರವನ್ನೂ ತೆಗೆದುಕೊಂಡರು.

ಪಿಂಚಣಿಯಾದ ಮೇಲೆ ಒಮ್ಮೆ,
ತಂಗಿಯ ಮೊಮ್ಮಗಳನ್ನು ಕರೆತರಲು ಸೆರ್ರೊಗೆ ಹೋದೆ.
ಮೆಟ್ಟಿಲು ಇತ್ತು.
ಕಂಬಿ ಎರಡೂ ಇದ್ದವು.
ಯಾರು ಒಪ್ಪಿಗೆ ಕೊಟ್ಟರು? ಕಾವಲುಗಾರ ಹೆಗಲು ಕುಣಿಸಿದ:
"ಕಮ್ಮಾರನ ಹತ್ತಿರ ಒಂದು ಹಾಳೆಯಿತ್ತು.
ಮೊಹರೂ ಇತ್ತಂತೆ. ಕೆಂಪಗಿನದು."

ಗಂಟೆ ಬಾರಿಸಿತು. ಬಿಳಿ ನಿಲುವಂಗಿಯ ಇನ್ನೂರು ಮಕ್ಕಳು
ನನ್ನನ್ನು ಗೋಡೆಗೊತ್ತಿ ಇಳಿದರು.

ಮೇಲಿನ ಕಂಬಿಗೆ ವರ್ಷಕ್ಕೊಮ್ಮೆ ಹಸಿರು ಬಣ್ಣ ಬಳಿಯುತ್ತಾರೆ.
ಕೆಳಗಿನದಕ್ಕೂ ಬಳಿಯುತ್ತಾರೆ,
ನಿಲ್ಲುವುದಿಲ್ಲ.