ಬಂದ ವೇಳೆ

ಎರಂಡವಣೆಯ ಸ್ಟಾಪಿನಲ್ಲಿಳಿದು
ಮಡಿಸಿದ ಕೊಡೆಯನ್ನೇ ಊರುಗೋಲು ಮಾಡಿಕೊಂಡು ಬಂದರು
ನಾನ್‌ಜಿಂಗಿನ ಶೆನ್ ವೈಯಿಂಗ್. ವಯಸ್ಸು ಎಪ್ಪತ್ತೊಂದು.
ಗೇಟಿನಲ್ಲಿ ಧೋಂಡಿಬಾ ಕೇಳಿದ ಮೊದಲ ಪ್ರಶ್ನೆ:
‘ಪಾಲಕರ ಹೆಸರು?’
ಫಾರಂನಲ್ಲಿ ಆ ಕಾಲಂ ಇದೆ, ಅವನೇನು ಮಾಡಿಯಾನು.
ನಾನು ನಕ್ಕೆ. ಆಕೆ ನಗಲಿಲ್ಲ.
ತುಸು ಯೋಚಿಸಿ ಅಜ್ಜಿಯ ಹೆಸರು ಬರೆದರು.

ನನ್ನೂರು ಜಮಖಂಡಿ. ಹತ್ತೊಂಬತ್ತು ವರ್ಷದಿಂದ
ಈ ಹೆಂಗಸರ ವಿದ್ಯಾಪೀಠದ ಗ್ರಂಥಾಲಯದಲ್ಲಿ ಗುಮಾಸ್ತೆ.
ಬಂದವರಿಗೆ ತೋರಿಸುವುದೆಲ್ಲ ಬಾಯಿಪಾಠ:
ಇದು ಮೊದಲ ಕಲ್ಲಿನ ಕಟ್ಟಡ, ಇದು ಪ್ರಾರ್ಥನೆಯ ಹಾಲು,
ಇದು ಬಾವಿ. ಅದಕ್ಕೆ ಕಬ್ಬಿಣದ ಜಾಲರಿ ಯಾಕೆ ಎಂದು
ಯಾರೂ ಕೇಳುವುದಿಲ್ಲ.
ಆಕೆ ಕೇಳಿದರು.
ನಾನು ಮಾವಿನ ಮರ ತೋರಿಸಿದೆ.

ಕಟ್ಟಡಕ್ಕಿಂತ ಆಕೆಗೆ ಮೆಟ್ಟಿಲ ಮೇಲೆ ಕಣ್ಣು.
ಒಂದೊಂದರ ನಡುವಿನ ಸವೆದ ತಗ್ಗನ್ನೂ ಬಗ್ಗಿ ಮುಟ್ಟಿದರು,
ನಾದಿದ ಹಿಟ್ಟಿನ ಹದ ನೋಡುವವರ ಹಾಗೆ.
‘ನಮ್ಮಲ್ಲೂ ಹೀಗೇ’ ಎಂದರು ಮುರುಕು ಇಂಗ್ಲಿಷಿನಲ್ಲಿ.
ನನ್ನದೂ ಅಷ್ಟೇ ಮುರುಕು,
ಅದಕ್ಕೇ ಇಬ್ಬರಿಗೂ ತಿಳಿಯಿತು.

ಅವರಜ್ಜಿಯ ಕಾಲೇಜಿಗೆ ತುದಿ ಮೇಲೆತ್ತಿದ ಸೂರು,
ಚಳಿಗೆ ಮುಂಚೆ ಹಳದಿಯಾಗಿ ಉದುರುವ ಗಿಂಕೊ ಮರಗಳು.
ಐದು ವರ್ಷಕ್ಕೆ ಅಜ್ಜಿಯ ಪಾದ ಕಟ್ಟಿದರು,
ಏಳಕ್ಕೆ ಬಿಚ್ಚಿದರು.
ಬಟ್ಟೆ ಬಿಚ್ಚಿಕೊಂಡಿತು, ಎಲುಬು ಬಿಚ್ಚಿಕೊಳ್ಳಲಿಲ್ಲ.
ಆ ಕಾಲಲ್ಲೇ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡಿದಳಂತೆ.
‘ಗೆದ್ದರಾ?’
‘ಬಿದ್ದಳು. ದಿನಾ.’

ಮಧ್ಯಾಹ್ನ, ತೋರಿಸಬಾರದ ಕಪಾಟು ತೆಗೆದೆ.
ಹಾಸ್ಟೆಲಿನ ಹಳೇ ದಫ್ತರ. ಗೆದ್ದಲು ಅಂಚನ್ನಷ್ಟೇ ತಿಂದಿದೆ.
ಹೆಸರು. ಹೋದ ವೇಳೆ. ಯಾರ ಜೊತೆ. ಬಂದ ವೇಳೆ.
ಅಣ್ಣನ ಜೊತೆ, ಮಾವನ ಜೊತೆ, ಅಣ್ಣನ ಜೊತೆ,
ಹಲ್ಲಿನ ಡಾಕ್ಟರರ ಬಳಿಗೆ ಮೇಟ್ರನ್ ಜೊತೆ,
ಪುಟ ತುಂಬ ಮರಾಠಿ.
ನಡುವೆ, ಗೋಧಿಯೊಳಗೆ ಬಿದ್ದ ಕಡಲೆಯಂತೆ,
ಒಂದು ಕನ್ನಡದ ಸಹಿ:
ಭಾಗವ್ವ ಕುಲಗೋಡ.
ಹೋದ ವೇಳೆ ನಾಲ್ಕೂವರೆ.
ಯಾರ ಜೊತೆ: ಒಬ್ಬಳೇ.
ಬಂದ ವೇಳೆ ಎಂಬಲ್ಲಿ
ಕಾಗದ ಇನ್ನೂ ಖಾಲಿ.

ಈ ಪುಟ ನಾನು ಮೊದಲೇ ನೋಡಿದ್ದೆ, ಯಾರಿಗೂ ಹೇಳಿರಲಿಲ್ಲ.
ಮುಂದಿನ ಪುಟಗಳಲ್ಲಿ ಹುಡುಕಿದ್ದೆ, ಮುಂದಿನ ವರ್ಷದಲ್ಲೂ.
ಬಾವಿಯ ಜಾಲರಿಯ ಮೇಲೆ ತಾರೀಖು ಇಲ್ಲ.

ಸಹಿಯ ಮೇಲೆ ಬೆರಳಾಡಿಸಿ ಶೆನ್ ಅಂದರು:
‘ಮೂಲೆಗಳೇ ಇಲ್ಲದ ಅಕ್ಷರ. ಇದರೊಳಗೆ ಅಡಗುವುದು ಕಷ್ಟ.’
ಆಮೇಲೆ ನನ್ನ ಅಂಗೈಯಲ್ಲಿ ತಮ್ಮದೊಂದು ಗೀಚಿದರು:
ಮೇಲೆ ಸೂರು, ಕೆಳಗೆ ಹೆಣ್ಣು.
ಎರಡೂ ಕೂಡಿದರೆ ನೆಮ್ಮದಿ ಎಂದರ್ಥವಂತೆ.
ನನಗೆ ಸಿಟ್ಟು ಬಂತು. ಯಾರ ಮೇಲೋ.
‘ಸೂರು ತೆಗೆದರೆ?’
‘ಬರೀ ಹೆಣ್ಣು’ ಎಂದರು,
ಅಂಗೈ ಬಿಡದೆ.

ಸ್ವಲ್ಪ ಹೊತ್ತಾದ ಮೇಲೆ,
‘ರೈಲು ತಪ್ಪಿರಬಹುದು.’
ಎಂಬತ್ತೈದು ವರ್ಷ ಹಿಂದಿನ ರೈಲು!
‘ಅಥವಾ ಸಿಕ್ಕಿರಬಹುದು’ ಎಂದು
ತಾವೇ ದಫ್ತರ ಮುಚ್ಚಿದರು.

ಆರಕ್ಕೆ ಧೋಂಡಿಬಾ ಗೇಟಿನ ಪುಸ್ತಕ ಹಿಡಿದು ನಿಂತಿದ್ದ.
ಹೋದ ವೇಳೆಯಲ್ಲಿ ಚೀನೀ ಲಿಪಿಯ ಏನೋ ಬರೆದರು,
ಕಿಟಕಿಗಳಿರುವ ಸಣ್ಣ ಮನೆಯಂಥದ್ದು.
‘ಇದೇನು ಬಾಯಿ?’ ಎಂದ ಅವನು.
‘ಸರಿಯಾಗೇ ಬರೆದಿದ್ದಾರೆ’ ಎಂದೆ,
ಓದಲು ಬಂದವಳಂತೆ.

ಸ್ಟಾಪಿನಲ್ಲಿ ಕೇಳಿದರು,
ಹೊರಡುವಾಗ ನಿನ್ನ ಭಾಷೆಯಲ್ಲಿ ಏನು ಹೇಳುತ್ತಾರೆ.
‘ಬರ್ತೀನಿ.’
‘ಹಾಗೆಂದರೆ?’
‘ಬರುತ್ತೇನೆ ಅಂತ.’
‘ಹೋಗುವಾಗಲಾ?’
‘ಹೋಗುವಾಗಲೇ.’

ಕಾತ್ರಜ್ ಬಸ್ಸಿನ ಕಂಡಕ್ಟರ್ ಗಂಟೆ ಎಳೆದ.
ಆಕೆ ಅಂದದ್ದು ಕೇಳಿಸಲಿಲ್ಲ.
ಅಂಗೈ ಯಾಕೋ ಬೆವೆತಿತ್ತು,
ಸೀರೆಗೆ ಒರೆಸಿಕೊಳ್ಳಲು ಹೋಗಿ
ಬಿಟ್ಟೆ.