ಇಪ್ಪತ್ತು ನಿಮಿಷ

ರೋಗ ಹಿಡಿದದ್ದು ನಾನೇ,
ಹೆರಿಗೆ ವಾರ್ಡಿನಿಂದ ಮರೆತು ಕೊರಳಲ್ಲೇ ತಂದ
ಸ್ಟೆತಾಸ್ಕೋಪಿನಿಂದ.
ಬಾನೆಟ್ ಎತ್ತಿ ಬಿಸಿ ತಗಡಿಗೆ ಬಿಲ್ಲೆ ಒತ್ತಿದರೆ
ಹಳೆಯ ಹೋಲ್ಡನ್ನಿನ ಎದೆಯಲ್ಲಿ
ಟಕ್, ಟಕ್, ನಡುವೆ ಒಂದು ಉಗ್ಗು.
"ಏಳನೆಯದು" ಅಂದಳು ಡೋರಿ ಪ್ಯಾಸ್ಕೋ
ಬೇಲಿಯಾಚೆಯಿಂದ, ಬರಿಗಿವಿಯಲ್ಲೇ.

ಗಾಡಿ ಅವಳ ಗಂಡ ಕೀತ್‌ನದು.
ಅವನು ತೀರಿಕೊಂಡ ಆರನೇ ತಿಂಗಳಿಗೆ
ಒಂಬೈನೂರು ಡಾಲರ್ ಅಂದಳು.
ಹುಬ್ಬಳ್ಳಿಯವಳು ನಾನು, ಚೌಕಾಸಿಗಿಳಿದೆ.
ಐವತ್ತು ಬಿಟ್ಟಳು,
ಮೇಲೆ ಒಂದು ಪೆಟ್ಟಿಗೆ ಪಾನಾ, ಪುಕ್ಕಟೆ.

ಜೂನಿನ ಶನಿವಾರ. ವೈಯಾಲದ ಗಾಳಿಗೆ ಅದಿರಿನ ಬಣ್ಣ;
ಒಣಹಾಕಿದ ಬಿಳಿ ಯೂನಿಫಾರ್ಮ್ ಸಂಜೆಗೆ ಕಾವಿ.
ರೇಡಿಯೇಟರ್ ಇಳಿಸಿದೆವು, ಮುಂದಿನ ಜಾಲರಿ ಕಳಚಿದೆವು,
ಕ್ಯಾಮ್‌ಶಾಫ್ಟು ಬಾಯಿಂದಲೇ ಹೊರಬರಬೇಕು,
ಬೇರೆ ದಾರಿ ಇಲ್ಲ.
ಹನ್ನೆರಡು ಟ್ಯಾಪೆಟ್ಟುಗಳನ್ನು ಮೊಟ್ಟೆಯ ಟ್ರೇನಲ್ಲಿ ಕೂರಿಸಿ
ಒಂದೊಂದಕ್ಕೂ ನಂಬರು ಬರೆದೆ.
ಹೇಗೂ ಎಸೆಯುವವು. ಆದರೂ.

ಗೇರಿನ ತೂತುಗಳ ಹಿಂದೆ ಅಡಗಿ ಎರಡು ಬೋಲ್ಟು:
ಕ್ರ್ಯಾಂಕ್ ತಿರುವಿ ತಿರುವಿ, ತೂತು ಎದುರಾಗುವ ತನಕ ಕಾಯಬೇಕು.
ಕಾಯಲಿಲ್ಲ, ಗೆಣ್ಣು ಸುಲಿಯಿತು.
ಡೋರಿ ನನ್ನ ಪರವಾಗಿ ಬೈದಳು,
ಅವ್ವನ ಬೈಗುಳಕ್ಕಿಂತ ಗಿಡ್ಡ, ಅಷ್ಟೇ ಖಾರ.
ಶಾಫ್ಟು ಮೆಲ್ಲಗೆ ತಲೆ ತೋರಿದಾಗ
"ನಿನಗಿದು ರೂಢಿ" ಅಂತ ನಕ್ಕಳು.
ಇಲ್ಲ ಮಾರಾಯ್ತಿ, ಅಲ್ಲಿ ನಾವು ಎಳೆಯುವುದಿಲ್ಲ.

ಬೆಳಕಿಗೆ ಹಿಡಿದು ವರ್ನಿಯರ್ ಇಟ್ಟೆ.
ಏಳನೆಯ ಉಬ್ಬು ಮಾತ್ರ ಎರಡು ಮಿಲಿಮೀಟರ್ ಮೊಂಡು,
ಯಾರೋ ಚೀಪಿ ಉಗುಳಿದ ಪೆಪ್ಪರಮಿಂಟು.
ಎರಡೇ ಮಿಲಿಮೀಟರ್!
ಅಷ್ಟಕ್ಕೇ ಒಂದು ಬಾಗಿಲು ಪೂರ್ತಿ ತೆರೆಯದೆ
ನಾಲ್ಕನೇ ಸಿಲಿಂಡರು ಅರ್ಧ ಉಸಿರಲ್ಲೇ
ಊರೆಲ್ಲ ಓಡಾಡಿತ್ತು.
"ಕೀತ್‌ಗೆ ಹೇಳುತ್ತಲೇ ಇದ್ದೆ" ಅಂದಳು, "ಸದ್ದು ಜೋರು ಮಾಡುತ್ತಿದ್ದ,
ರೇಡಿಯೋದ್ದು."

ಭಾನುವಾರ ಹೊಸದಕ್ಕೆ ಕಪ್ಪು ಮುಲಾಮು,
ಹಬ್ಬದ ಎಣ್ಣೆಸ್ನಾನದ ಹಾಗೆ, ಸಂದಿಗೊಂದಿ ಬಿಡದೆ.
ಬೇರಿಂಗು ಗೀಚದಂತೆ ಒಳಗೆ ಬಿಡುವುದೆಂದರೆ
ಮಲಗಿದವರ ದಿಂಬಿನಡಿ
ಕೀಲಿಕೈ ಮರಳಿ ಇಡುವುದು.
ದೊಡ್ಡ ಗೇರಿನ ಚುಕ್ಕೆ ಚಿಕ್ಕದರ ಚುಕ್ಕೆಗೆ ಮುಖಾಮುಖಿ.
ಕ್ರ್ಯಾಂಕು ಎರಡು ಸುತ್ತು ಓಡಿದರೆ ಇದು ಒಂದೇ ಸುತ್ತು.
ಮನೆಯಲ್ಲೊಬ್ಬರಿರುತ್ತಾರಲ್ಲ ಹಾಗೆ, ನಿಧಾನದವರು,
ಕದ ತೆಗೆಯುವ ಹೊತ್ತು ಮಾತ್ರ ಅವರದೇ.

"ಹತ್ತಿದ ಕೂಡಲೇ ಎರಡು ಸಾವಿರ ಸುತ್ತು. ಇಪ್ಪತ್ತು ನಿಮಿಷ.
ಕಾಲು ಎತ್ತಿದರೆ ಕೆಟ್ಟೆ" ಅಂದಳು ಡೋರಿ.
ಹೊಸ ಉಬ್ಬೂ ಹೊಸ ಟ್ಯಾಪೆಟ್ಟೂ
ಒಂದನ್ನೊಂದು ಅರಿಯುವುದು ಆಗಲೇ;
ಆಗ ಕಚ್ಚಿಕೊಂಡರೆ ಮುಂದೆ ಬರೀ ಸವೆತ.

ಕೀಲಿ ತಿರುವಿದೆ. ಗರಾಜಿನ ತಗಡೆಲ್ಲ ಅರಚಿತು.
ನನ್ನ ಬಲಗಾಲು ಕಲ್ಲು, ಕಣ್ಣು ಮುಳ್ಳಿನ ಮೇಲೆ.
ಡೋರಿ ಪಕ್ಕದ ಸೀಟಿಗೆ ಬಂದು ಕೂತಳು,
ಬಾಗಿಲು ಹಾಕಿಕೊಂಡಳು,
ನಾಲ್ಕನೇ ನಿಮಿಷಕ್ಕೆ ಮಾತು ಶುರು ಮಾಡಿದಳು.

ತುಟಿ ಕಂಡಿತು, ಒಂದಕ್ಷರ ಕೇಳಲಿಲ್ಲ.
ಕೀತ್ ಅನ್ನುವ ಆಕಾರ ಎರಡು ಸಲ.
ಇನ್ನೊಂದು ಹೆಸರು, ಯಾರದೋ, ತುಂಬ ಸಲ.
ಸೀಟಿನ ಹರಿದ ಅಂಚನ್ನು ಹೆಬ್ಬೆರಳಿಂದ ಸವರುತ್ತಾ
ಒಮ್ಮೆ ನಕ್ಕಳು, ಆಮೇಲೆ ಕನ್ನಡಕ ತೆಗೆದು
ಅಂಗಿಯ ತುದಿಗೆ ಒರೆಸಿದಳು, ಬಹಳ ಹೊತ್ತು.
ನಾನು ಕಾಲು ಎತ್ತುವ ಹಾಗಿರಲಿಲ್ಲ.
ತಲೆಯಾಡಿಸಿದೆ, ಕೇಳಿಸಿದವಳ ಹಾಗೆ.
ಸುಳ್ಳೋ ಅದು, ಶುಶ್ರೂಷೆಯೋ,
ಈಗಲೂ ಗೊತ್ತಿಲ್ಲ.

ಹತ್ತೊಂಬತ್ತು. ಇಪ್ಪತ್ತು.
ಕಾಲೆತ್ತಿದೆ. ಸದ್ದು ಮೆಟ್ಟಿಲಿಳಿದು ಬಂದು
ಅಂಗಳದಲ್ಲಿ ಕೂತಿತು, ಉಗ್ಗಿಲ್ಲದೆ.
"ಏನಂದಿ, ಡೋರಿ?"
"ಹೇಳಿ ಆಯ್ತಲ್ಲ" ಅಂದಳು.
ಗೋಡೆಗೊರಗಿದ್ದ ಹಳೆಯ ಶಾಫ್ಟನ್ನು ಹೆಗಲಿಗೇರಿಸಿ
ಬೇಲಿಯ ಗೇಟು ದಾಟಿದಳು.

ಮೊದಲ ಎಣ್ಣೆ ಕೂಡಲೇ ಚೆಲ್ಲಬೇಕಂತೆ.
ಬೋಗುಣಿ ಒತ್ತರಿಸಿ ಬಿರಟೆ ಬಿಚ್ಚಿದೆ.
ಕೈ ಸುಡುವಷ್ಟು ಬಿಸಿ,
ಕಪ್ಪಗೆ ಸುರಿಯಿತು, ಒಳಗೆಲ್ಲ
ನುಣ್ಣನೆಯ ಬೆಳ್ಳಿಪುಡಿ.