ಬೊಳ್ತಂಡ ಮೊಣ್ಣಪ್ಪ, ಆರ್ಜಿ

ವಿರಾಜಪೇಟೆ ಜೇನು ಸೊಸೈಟಿಯ ಹಿಂದಿನ ಕೋಣೆಯಲ್ಲಿ
ವಿಳಾಸದ ಮೆಷಿನ್ನು.
ಹಿಡಿ ಒತ್ತಿದರೆ ಧಡಕ್, ಒಬ್ಬ ಸದಸ್ಯ;
ಮತ್ತೆ ಧಡಕ್, ಅವನ ಬೇಲಿಯಾಚೆಯವನು.

ತಗಡಿನ ಮೇಲೆ ಎಲ್ಲರೂ ತಿರುವುಮುರುವು.
ಎರಡು ವರ್ಷಕ್ಕೆ ನನಗದೇ ಸಲೀಸಾಗಿ
ಬಸ್ಸಿನ ಬೋರ್ಡು ಓದಲು ತಡವರಿಸುತ್ತಿದ್ದೆ.

ಸತ್ತವರ ತಗಡು ಬಿಸಾಡುವಂತಿಲ್ಲ,
ಸತುವಿಗೂ ಲೆಕ್ಕವಿದೆ, ಅಂದರು ಸೆಕ್ರೆಟರಿ.
ಉತ್ತಯ್ಯ ತೀರಿಕೊಂಡಾಗ
ಆ ಒಂದು ಸಾಲನ್ನಷ್ಟೇ ತಟ್ಟಿ ಚಪ್ಪಟೆ ಮಾಡಿ
ಮಗ ಮೊಣ್ಣಪ್ಪನನ್ನು ಕೂರಿಸಿದೆ.
ಬೊಳ್ತಂಡ ಹಾಗೇ ಉಳಿಯಿತು, ಆರ್ಜಿಯೂ.

ಸರಿಯಾಗಿ ತಟ್ಟಿರಲಿಲ್ಲ.
ತಿಂಗಳು ತಿಂಗಳೂ ಲಕೋಟೆಯ ಮೇಲೆ
ಮೊಣ್ಣಪ್ಪನ ಎಂ ಅಕ್ಷರದಡಿ
ಉತ್ತಯ್ಯನ ಯು,
ಸವೆದ ಲಾಳದ ಹಾಗೆ.

ಜೂನ್‌ನಲ್ಲಿ ಚೋಂದವ್ವ ಬಂದರು,
ಕೊಡೆಯನ್ನೂ ಮಡಚದೆ, ನೇರ ಒಳಗೆ.
ಬೈಸಿಕೊಳ್ಳಲು ಎದ್ದು ನಿಂತೆ.
ಹೊಸ ತಗಡು ಹೊಡೆಯುತ್ತೇನಮ್ಮಾ, ನಾಳೆಯೇ.

ಅವರು ಸೆರಗಿನಿಂದ ಒಂದು ಕಟ್ಟು ತೆಗೆದರು.
ಒಳಗಿನ ಕಾಗದವೆಲ್ಲ ಮಗನಿಗೆ ಹೋಗಿತ್ತು,
ಬರೀ ಲಕೋಟೆಗಳು, ದಾರ ಸುತ್ತಿ,
ತಾರೀಖಿನ ಪ್ರಕಾರ.

ಮೇಲಿನದನ್ನು ಬೆಳಕಿಗೆ ಹಿಡಿದು
"ಈ ಸಲದ್ದು ಮಸುಕು," ಅಂದರು.
"ರಿಬ್ಬನ್ ಬದಲಾಯಿಸು."